ಬೆಟ್ಟದ ನಡುವೆ ಒಂದು ಮನೆ

"ಮೇಷ್ಟ್ರೇ, ನಮ್ಮ ಮೊಮ್ಮಗ ಬೆಂಗಳೂರಿಂದ ಫೋನ್ ಮಾಡಿದ್ದ. ಮುಂದಿನ ವಾರ ಗೆಳೆಯರ ಜೊತೆ ಕುಮಾರಪರ್ವತ ಹತ್ತುತ್ತಾನಂತೆ. ನೀವು ಹೋಗಿ ಬಂದೋರಲ್ವಾ, ಕಳಿಸಬಹುದಾ ಹೇಳಿ" ಅಂದರು ಬೇಲಿಯಾಚೆಯಿಂದ ಗೌಡ್ರು.

ರೋಬಸ್ಟಾ ಕುಯ್ಲು ಮುಗಿದಿದೆ. ಕಣದಲ್ಲಿ ಕೊನೆಯ ಹರವು ಒಣಗುತ್ತಿದೆ. ಆಳುಗಳ ಲೆಕ್ಕ ಚುಕ್ತಾ ಆಗಿ, ಹೂ ಮಳೆಗೆ ಆಕಾಶ ನೋಡುತ್ತ ಕೂರುವ ಈ ದಿನಗಳಲ್ಲೇ ಬಿಕ್ಕೋಡಿನವರಿಗೆ ಬೇಲಿಗೆ ಆತು ನಿಂತು ಮಾತಾಡಲು ಬಿಡುವು. ಗೌಡ್ರ ಕೈಯಲ್ಲಿ ಕಾಫಿ ಲೋಟ, ನನ್ನ ಕೈಯಲ್ಲಿ ಕತ್ತಿ. ಎರಡನ್ನೂ ಕೆಳಗಿಟ್ಟೆವು.

"ಕಳಿಸಿ ಗೌಡ್ರೆ, ಖಂಡಿತ ಕಳಿಸಿ. ಆದ್ರೆ ಈಗ ಬೇಡ. ಬಿಸಿಲು ಏರ್ತಾ ಇದೆ, ಮೇಲಿನ ಹುಲ್ಲೆಲ್ಲ ಒಣಗಿ ನಿಂತಿರುತ್ತೆ. ಒಂದು ಬೀಡಿ ತುಂಡು ಬಿದ್ರೆ ಸಾಕು, ಬೆಟ್ಟಕ್ಕೆ ಬೆಟ್ಟವೇ ಹೊತ್ತಿಕೊಳ್ಳುತ್ತೆ. ಕಾಡ್ಗಿಚ್ಚಿನ ಭಯಕ್ಕೆ ಇಲಾಖೆಯವರೇ ಬೇಸಿಗೇಲಿ ದಾರಿ ಮುಚ್ಚುತ್ತಾರೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಅಕ್ಟೋಬರಿಗೆ ಬರಲಿ ಅನ್ನಿ."

ಅಕ್ಟೋಬರ್ ಅಂದದ್ದಕ್ಕೆ ಇನ್ನೊಂದು ಕಾರಣವಿದೆ. ಬೆಟ್ಟ ಹತ್ತಲು ಒಳ್ಳೆಯ ಕಾಲವೂ ಕಾಫಿ ಕುಯ್ಯುವ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗಲು ಶುರುವಾದರೆ ಆಮೇಲೆ ರೋಬಸ್ಟಾ, ಅದರ ಬೆನ್ನಿಗೆ ಮೆಣಸು. ತೋಟ ಇದ್ದವರಿಗೆ ಮಗಳ ಮನೆಗೆ ಹೋಗಲೂ ಪುರಸೊತ್ತಿಲ್ಲ. ಹಾಗಾಗಿ ಕುಮಾರಪರ್ವತವನ್ನು ಬೆಂಗಳೂರಿನ ಹುಡುಗರು ಕಂಡಷ್ಟು ಹತ್ತಿರದಿಂದ ನಮ್ಮ ಕಡೆಯವರು ಕಂಡಿಲ್ಲ. ಮಳೆ ಹಿಂದೆ ಸರಿದು ಕುಯ್ಲು ಇನ್ನೂ ಹತ್ತದ ಆ ಮೂರು ನಾಲ್ಕು ವಾರವೇ ನಮ್ಮ ಪಾಲಿನ ಕಾಲ. ಹುಲ್ಲು ಹಸಿರಾಗಿರುತ್ತದೆ, ಝರಿಗಳಲ್ಲಿ ನೀರಿರುತ್ತದೆ, ಗಾಳಿ ತೊಳೆದಂತಿರುತ್ತದೆ.

"ನಾವು ನೋಡಿಲ್ಲ ಅಂತೀರಾ? ಕುಕ್ಕೆಗೆ ಆಶ್ಲೇಷ ಬಲಿಗೆ ಹೋದಾಗಲೆಲ್ಲ ಬಿಸ್ಲೆ ಹತ್ರ ಗಾಡಿ ನಿಲ್ಲಿಸಿ ನೋಡಿದ್ದೀವಿ" ಅಂದರು ಗೌಡ್ರು.

ಅವರು ಹೇಳಿದ್ದು ಸರಿ. ಬಿಕ್ಕೋಡಿನಿಂದ ಸಕಲೇಶಪುರಕ್ಕೆ ಹೋಗಿ, ವಣಗೂರು ದಾಟಿ ಬಿಸ್ಲೆಗೆ ಬಂದರೆ ಕಣಿವೆಯಾಚೆ ಕುಮಾರಪರ್ವತ ತನ್ನ ಬಳಗದೊಡನೆ ಸಾಲಾಗಿ ನಿಂತಿರುವುದು ಕಾಣುತ್ತದೆ. ಆ ಘಾಟಿಗೆ ಇಳಿಯುವ ಮುಂಚೆ ನೀರು ಬೇರೆಯಾಗುವ ದಿಣ್ಣೆಯೊಂದಿದೆ. ಈ ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿ ಅಂತ ಪೂರ್ವದ ಸಮುದ್ರಕ್ಕೆ ಹೋಗುತ್ತದೆ. ಆ ಮಗ್ಗುಲಿಗೆ ಬಿದ್ದದ್ದು ಕುಮಾರಧಾರೆಯಾಗಿ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಪಶ್ಚಿಮದ ಸಮುದ್ರಕ್ಕೆ. ನಮ್ಮ ಬೇಲೂರಿನ ಯಗಚಿ ನೀರೂ ಹೇಮಾವತಿಯದೇ ಪಾಲು. ಅಲ್ಲಿ ನಿಂತಾಗಲೆಲ್ಲ ನಮ್ಮ ಊರಿನ ನೀರಿನ ಎಲ್ಲೆ ಮುಗಿದು ಇನ್ನೊಂದು ಸೀಮೆ ಶುರುವಾಯಿತು ಅನ್ನಿಸುತ್ತದೆ ನನಗೆ.

"ಎತ್ರ ಎಷ್ಟಿದೆ?"

"1712 ಮೀಟರ್. ಐದು ಸಾವಿರದ ಆರುನೂರು ಅಡಿ ಲೆಕ್ಕ."

"ಅಷ್ಟೇನಾ! ಮುಳ್ಳಯ್ಯನಗಿರಿ ಅದುಕ್ಕಿಂತ ಎತ್ರ ಅಲ್ವಾ? ಅಲ್ಲಿಗೆ ನಮ್ಮ ಮನೆಯವಳನ್ನೂ ಕರ್ಕೊಂಡು ಹೋಗಿದ್ದೆ."

ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕಕ್ಕೇ ಎತ್ತರದ ಶಿಖರ, ನಿಜ. ಆದರೆ ಅಲ್ಲಿ ಗಾಡಿ ಬಹುಪಾಲು ಮೇಲಕ್ಕೇ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಕುಮಾರಪರ್ವತದ ಕಷ್ಟ ಅದರ ಎತ್ತರದಲ್ಲಿಲ್ಲ, ಏರಿನಲ್ಲಿದೆ. ಬೇಲೂರೇ ಸಮುದ್ರಮಟ್ಟದಿಂದ 975 ಮೀಟರ್ ಮೇಲಿದೆ; ಘಟ್ಟದ ಮೇಲಿನ ನಾವು ಹುಟ್ಟುತ್ತಲೇ ಅರ್ಧ ಬೆಟ್ಟ ಹತ್ತಿದವರು. ಕುಕ್ಕೆಯಾದರೆ ಘಟ್ಟದ ಬುಡದಲ್ಲಿ, ನೂರು ಚಿಲ್ಲರೆ ಮೀಟರಿನಲ್ಲಿದೆ. ಅಲ್ಲಿಂದ ಹೊರಟರೆ ಸಾವಿರದೈನೂರು ಮೀಟರಿಗೂ ಮಿಕ್ಕಿದ ಏರನ್ನು ಕಾಲಿನಲ್ಲೇ ಏರಬೇಕು. ಹೋಗುವುದೊಂದಕ್ಕೇ ಹನ್ನೆರಡು ಹದಿಮೂರು ಕಿಲೋಮೀಟರ್. ಅಷ್ಟನ್ನೇ ಮತ್ತೆ ಇಳಿಯಬೇಕು, ಮೊಣಕಾಲಿನ ಸತ್ಯ ಹೊರಗೆ ಬರುವುದು ಆಗಲೇ.

ಸೋಮವಾರಪೇಟೆ ಕಡೆಯಿಂದ, ಬೀದಳ್ಳಿಯ ಹತ್ತಿರದ ಹೆಗ್ಗಡಮನೆಯಿಂದಲೂ ದಾರಿಯಿದೆ. ಕೊಡಗಿನವರು ಬೆಟ್ಟವನ್ನು ಪುಷ್ಪಗಿರಿ ಅನ್ನುತ್ತಾರೆ. ಅದು ಗಿಡ್ಡ ದಾರಿ. ಶುರುವಾಗುವುದೇ ಎತ್ತರದಲ್ಲಿ. ನಮ್ಮ ಕಡೆಯಿಂದ ಶನಿವಾರಸಂತೆ ಮೇಲೆ ಹೋದರೆ ಹತ್ತಿರ ಕೂಡ. ಆದರೆ ಕೊನೆಗೆ ಬರಿಬಂಡೆ ಬರುತ್ತದೆ, ಬೋರಲು ಹಾಕಿದ ಬಾಣಲೆಯ ಹಾಗೆ ನುಣುಪು. ಒಣಗಿದ್ದರೆ ಅಂಗೈ ಊರಿ ಹತ್ತಬಹುದು. ಮಂಜು ಕೂತು ಒದ್ದೆಯಾದರೆ ಬೂಟಿನ ಅಡಿ ಹಿಡಿಯುವುದಿಲ್ಲ. ಹೊಸಬರಿಗೆ, ಅದರಲ್ಲೂ ಮಳೆ ಬಿಟ್ಟ ಹೊಸದರಲ್ಲಿ, ಆ ದಾರಿ ಬೇಡ ಅಂತಲೇ ನಾನು ಹೇಳುವುದು.

ಅಷ್ಟರಲ್ಲಿ ಅಕ್ಕನೂ ಬಂದು ನಿಂತರು, ಮೊರದಲ್ಲಿ ಮೆಣಸು ಹಿಡಿದುಕೊಂಡು. ಗೌಡ್ರ ಮನೆಯವರನ್ನು ನಾನು ಮೊದಲಿಂದಲೂ ಅಕ್ಕ ಅಂತಲೇ ಕರೆಯುವುದು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಊಟಕ್ಕೇನು ಮಾಡ್ತಾರೆ?"

ಎತ್ತರ, ದೂರ, ಬಂಡೆ ಎಲ್ಲ ಇರಲಿ, ಕೇಳಬೇಕಾದ ಪ್ರಶ್ನೆ ಇದೇ. ಕುಮಾರಪರ್ವತ ಬೇರೆ ಬೆಟ್ಟಗಳಂತಲ್ಲ ಅಂತ ನಾನು ನಂಬಿರುವುದಕ್ಕೆ ಕಾರಣವೂ ಊಟವೇ. ಆ ಬೆಟ್ಟದ ನಡುವಿನಲ್ಲಿ, ಗಿರಿಗದ್ದೆ ಅನ್ನುವಲ್ಲಿ, ಒಂದು ಮನೆಯಿದೆ. ಚಾರಣಕ್ಕೆ ಹೋದವರೆಲ್ಲರ ಬಾಯಲ್ಲಿ ಅದು ಭಟ್ಟರ ಮನೆ. ಹೋಟೆಲಲ್ಲ, ಬೋರ್ಡಿಲ್ಲ, ಬೇಸಾಯದವರ ಮನೆ. ಕರ್ನಾಟಕದ ಮೂಲೆಮೂಲೆಯ ಹುಡುಗರಿಗೆ ದಶಕಗಳಿಂದ ಅನ್ನ ಹಾಕಿಕೊಂಡು ಬಂದ ಮನೆ ಅದು.

ಅಕ್ಕನಿಗೆ ಆ ದಾರಿಯನ್ನು ಮೊದಲಿಂದ ಹೇಳಿದೆ. ಕುಕ್ಕೆ ದಾಟಿ ಕಾಡು ಹೊಕ್ಕರೆ ಮೊದಲ ಐದಾರು ಕಿಲೋಮೀಟರ್ ಬಿಸಿಲು ನೆಲಕ್ಕೆ ಬೀಳುವುದಿಲ್ಲ. ಬೇರುಗಳೇ ಮೆಟ್ಟಿಲು. ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ. ಘಟ್ಟದ ಕೆಳಗಿನ ಸೆಕೆ ನಮ್ಮಂಥವರಿಗೆ ಒಗ್ಗುವುದೂ ಇಲ್ಲ. ಮಳೆ ಬಿಟ್ಟ ಹೊಸತರಲ್ಲಿ ಇಂಬಳ ಬೇರೆ. ನಿಂತರೆ ಹತ್ತುತ್ತವೆ, ನಡೆಯುತ್ತಿದ್ದರೂ ಹತ್ತುತ್ತವೆ. ಪೇಟೆ ಹುಡುಗರು ಕಿರುಚಿಕೊಂಡು ಎಳೆದು ಹಾಕುತ್ತಾರೆ, ಆಮೇಲೆ ರಕ್ತ ನಿಲ್ಲುವುದಿಲ್ಲ. ನಮ್ಮ ತೋಟದವರಿಗೆ ಗೊತ್ತಿರುವ ಉಪ್ಪಿನ ಗಂಟು, ಹೊಗೆಸೊಪ್ಪಿನ ನೀರು, ಒಂಚೂರು ಸುಣ್ಣ ಅಲ್ಲಿಯೂ ಸಾಕು. ಅರ್ಧ ದಾರಿಯಲ್ಲಿ ಭೀಮನ ಬಂಡೆ ಸಿಗುತ್ತದೆ. ಎಲ್ಲರೂ ಅಲ್ಲಿ ಬೆನ್ನಿನ ಚೀಲ ಇಳಿಸಿ ಕೂರುತ್ತಾರೆ. ಎಲ್ಲೋ ಮೇಲೆ ಮಂಗಟ್ಟೆ ಹಾರಿದರೆ ಕಣ್ಣಿಗೆ ಕಾಣುವ ಮುಂಚೆ ರೆಕ್ಕೆಯ ಸದ್ದು ಕೇಳುತ್ತದೆ, ಯಾರೋ ಚಾಪೆ ಕೊಡವಿದಷ್ಟು ಜೋರಾಗಿ. ಆಮೇಲೆ ಇನ್ನೂ ಏರು, ಮತ್ತೂ ಏರು. ಕಾಲು ಮಾತು ಕೇಳುವುದನ್ನು ಬಿಡುವ ಹೊತ್ತಿಗೆ ಸರಿಯಾಗಿ ಕಾಡು ಮುಗಿದು ಬಯಲು ಬಿಚ್ಚಿಕೊಳ್ಳುತ್ತದೆ, ಎದುರಿಗೆ ಬೆಟ್ಟದ ಬರಿಮೈ. ಮಗ್ಗುಲಿಗೆ ಅಡಿಕೆ ತೋಟ, ತೋಟದೊಳಗೆ ಹೆಂಚಿನ ಮನೆ.

ನಾನು ಹೋಗಿದ್ದ ಕಾಲದಲ್ಲಿ ಅಂಗಳದ ತುಂಬ ಬೂಟುಗಳು, ಕೆಸರು ಮೆತ್ತಿದವು, ಜೋಡಿ ತಪ್ಪಿದವು. ಜಗಲಿಯ ಮೇಲೆ ಹುಡುಗರು ಕಾಲು ಚಾಚಿ ಬಿದ್ದುಕೊಂಡಿದ್ದರು. ಒಬ್ಬನಿಗೆ ಮೀನಖಂಡ ಹಿಡಿದುಕೊಂಡು ಕಣ್ಣಲ್ಲಿ ನೀರು. ಒಳಗಿಂದ ಒಂದು ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ಬಂತು. ಉಪ್ಪು ಹಾಕಿ ತೆಳುವಾಗಿ ಕಡೆದದ್ದು. ಒಂದು ಲೋಟ ಕುಡಿದ ಮೇಲೆ ಎರಡನೆಯದಕ್ಕೆ ಕೇಳಬೇಕಾಗಲಿಲ್ಲ, ಬಡಿಸುವವರೇ ಮುಖ ನೋಡಿ ಹಾಕಿದರು. ಆಮೇಲೆ ಅನ್ನ, ಸಾಂಬಾರು, ಉಪ್ಪಿನಕಾಯಿ. ಅಷ್ಟೇ. ಅಲ್ಲಿ ಅದು ಎಷ್ಟು ರುಚಿ ಅನ್ನುವುದನ್ನು ಹತ್ತದವರಿಗೆ ಹೇಳಿ ತಿಳಿಸಲಾಗದು.

"ಅಷ್ಟು ಮೇಲಕ್ಕೆ ಅಕ್ಕಿ ಹೆಂಗೆ ಬರುತ್ತೆ?" ಅಂದರು ಅಕ್ಕ. ಮನೆ ನಡೆಸುವವರಿಗೇ ಹೊಳೆಯುವ ಪ್ರಶ್ನೆ.

ನಾವು ಬರಿಗೈಯಲ್ಲಿ ಏರಲಾರದೆ ಏದುಸಿರು ಬಿಡುವ ಅದೇ ದಾರಿಯಲ್ಲಿ ಅಕ್ಕಿ, ಬೇಳೆ, ಎಣ್ಣೆ ಹೊರೆಯಾಗಿ ಮೇಲಕ್ಕೆ ಬರುತ್ತವೆ. ಗಾಡಿ ರಸ್ತೆಯಿಲ್ಲ. ಒಂದು ಲೋಟ ಮಜ್ಜಿಗೆಯ ಹಿಂದೆ ಯಾರದೋ ಹೆಗಲಿದೆ. ಊಟಕ್ಕೆ ದುಡ್ಡು ಕೊಡುತ್ತೇವೆ, ಸರಿ. ಆದರೆ ಆ ಜಾಗದಲ್ಲಿ ಆ ಹೊತ್ತಿನಲ್ಲಿ ಒಬ್ಬರು ಒಲೆ ಹೊತ್ತಿಸಿ ಕೂತಿರುವುದಕ್ಕೆ ದುಡ್ಡಿನಲ್ಲಿ ಬೆಲೆ ಕಟ್ಟಲು ನನಗೆ ಬರುವುದಿಲ್ಲ. ಇಂಥದ್ದು ನಮ್ಮ ನಾಡಿಗೆ ಹೊಸದೂ ಅಲ್ಲ. ದಾರಿಹೋಕರಿಗೆ ಅರವಟ್ಟಿಗೆ ಇಡಿಸಿದ್ದನ್ನು, ಛತ್ರಕ್ಕೆ ಭೂಮಿ ಬಿಟ್ಟದ್ದನ್ನು ನಮ್ಮ ಹಿರಿಯರು ಕಲ್ಲಿನಲ್ಲೇ ಬರೆಸಿದ್ದಾರೆ. ಗಿರಿಗದ್ದೆಯ ಮನೆ ಆ ಸಾಲಿನದು.

ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ಇದನ್ನೇ ದೊಡ್ಡ ಏರ್ಪಾಡಾಗಿ ಮಾಡಿಕೊಂಡಿದ್ದಾರೆ. ಸ್ವಿಸ್ ಆಲ್ಪೈನ್ ಕ್ಲಬ್ ಅಂತ 1863ರಲ್ಲಿ ಹುಟ್ಟಿತು. ಹುಟ್ಟಿದ ವರ್ಷವೇ ಅವರು ಮಾಡಿದ ಕೆಲಸ ಬೆಟ್ಟದ ಮೇಲೊಂದು ಆಸರೆಯ ಗುಡಿಸಲು ಕಟ್ಟಿದ್ದು. ಈಗ ಅಂಥವು ಅವರಲ್ಲಿ ನೂರೈವತ್ತರಷ್ಟಿವೆ. ಮೊದಲೇ ತಿಳಿಸಿ ಹೋಗಬೇಕು, ಬೂಟು ಹೊರಗೆ ಬಿಡಬೇಕು, ಎಲ್ಲಿಂದ ಬಂದೆ ಎಲ್ಲಿಗೆ ಹೊರಟೆ ಅಂತ ಪುಸ್ತಕದಲ್ಲಿ ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಆ ಪುಸ್ತಕವನ್ನು. ಚಳಿಗಾಲಕ್ಕೆ ನೋಡಿಕೊಳ್ಳುವವರು ಕೆಳಗಿಳಿದು ಹೋದ ಮೇಲೂ ಬಹಳ ಕಡೆ ಒಂದು ಕೋಣೆಗೆ ಬೀಗ ಹಾಕುವುದಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದವನು ಒಳಗೆ ಬಂದು ಬದುಕಿಕೊಳ್ಳಲಿ ಅಂತ.

"ಅದು ಮನುಷ್ಯರ ಲಕ್ಷಣ" ಅಂದರು ಗೌಡ್ರು.

ಭಟ್ಟರ ಮನೆಯಿಂದ ಮೇಲಿನದು ಬೇರೆಯೇ ಲೋಕ. ಅರಣ್ಯ ಇಲಾಖೆಯ ಚೌಕಿಯಲ್ಲಿ ಹೆಸರು ಬರೆಸಿ ಮುಂದೆ ಹೋದರೆ ಮರವಿಲ್ಲ, ನೆರಳಿಲ್ಲ. ಹುಲ್ಲಿನ ಏರು, ನೆತ್ತಿಯ ಮೇಲೆ ಬಿಸಿಲು. ಕಲ್ಲು ಮಂಟಪ ಬರುತ್ತದೆ. ನಾಲ್ಕು ಕಂಬ, ಮೇಲೊಂದು ಚಪ್ಪಡಿ. ಸುತ್ತ ಎಲ್ಲೂ ನೆರಳಿಲ್ಲದ ಆ ಜಾಗದಲ್ಲಿ ಅದನ್ನು ಕಟ್ಟಿಸಿದ ಪುಣ್ಯಾತ್ಮರಿಗೆ ಕೈಮುಗಿಯದೆ ಯಾರೂ ಏಳುವುದಿಲ್ಲ. ನೀರು ತುಂಬಿಕೊಳ್ಳುವುದೂ ಅಲ್ಲಿಯೇ. ಮುಂದೆ ಶೇಷಪರ್ವತ. ಇದೇ ತುದಿ ಅಂತ ಖುಷಿಪಟ್ಟವರಿಗೆ ಕಣಿವೆಯಾಚೆ ಕುಮಾರಪರ್ವತ ಕಾಣುತ್ತದೆ. ಮತ್ತೆ ಇಳಿಯಬೇಕು, ಒಂದು ಸಣ್ಣ ಶೋಲೆಕಾಡಿನೊಳಕ್ಕೆ. ಕುಳ್ಳಗೆ ಗಂಟುಗಂಟಾದ ಮರಗಳು, ಮೈತುಂಬ ಹಾವಸೆ, ಕಾಲಡಿ ಎಲೆಗೊಬ್ಬರ ಮೆತ್ತಗೆ ಕುಸಿಯುತ್ತದೆ. ಮಧ್ಯಾಹ್ನದಲ್ಲೂ ತಣ್ಣಗೆ. ಅದನ್ನು ದಾಟಿ ಕೊನೆಯ ಬಂಡೆ ಏರಿದರೆ ತುದಿ.

ತುದಿಯಲ್ಲಿ ದೊಡ್ಡ ದೇವಸ್ಥಾನ ಅಂತ ಏನಿಲ್ಲ. ಕಲ್ಲಿನ ಪುಟ್ಟ ಗುಡಿ, ಬಂದವರು ಪೇರಿಸಿಟ್ಟ ಕಲ್ಲಿನ ಗುಪ್ಪೆಗಳು. ತಾರಕಾಸುರನನ್ನು ಕೊಂದು ಬಂದ ಕುಮಾರಸ್ವಾಮಿ ಇಲ್ಲೇ ಇಳಿದ, ಆಯುಧವನ್ನು ಕುಮಾರಧಾರೆಯಲ್ಲಿ ತೊಳೆದ, ಮಾರ್ಗಶಿರ ಶುದ್ಧ ಷಷ್ಠಿಯ ದಿನ ದೇವಸೇನೆಯ ಕೈಹಿಡಿದ ಅನ್ನುತ್ತದೆ ಸ್ಥಳಪುರಾಣ. ಕುಕ್ಕೆಯ ಚಂಪಾಷಷ್ಠಿ ಅದೇ ದಿನ. ಮಂಜು ಸರಿದರೆ ಒಂದು ಕಡೆ ಕೊಡಗು, ಒಂದು ಕಡೆ ತುಳುನಾಡು, ಇನ್ನೊಂದು ಕಡೆ ನಮ್ಮ ಹಾಸನ ಸೀಮೆಯ ಬೆಟ್ಟಗಳು. ಸರಿಯದಿದ್ದರೆ ಪಕ್ಕದವನ ಮುಖವೂ ಕಾಣುವುದಿಲ್ಲ.

"ಆನೆ ಇದಾವಾ?"

"ಇದಾವೆ ಗೌಡ್ರೆ. ಪುಷ್ಪಗಿರಿ ವನ್ಯಜೀವಿಧಾಮ ಅಲ್ವಾ ಅದು."

"ಹಂಗಾದ್ರೆ ಅವನು ಇಲ್ಲಿಗೇ ಬರಲಿ. ನಮ್ಮ ತೋಟದಾಗೆ ದಿನಾ ಬರ್ತಾವೆ."

ಗೌಡ್ರ ಮಾತಿನಲ್ಲಿ ನಗುವಿಗಿಂತ ನೋವೇ ಹೆಚ್ಚು. ಬಿಕ್ಕೋಡು ಹೋಬಳಿಯಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಆನೆ ಎಲ್ಲಿದೆ ಅಂತ ಮೊಬೈಲಿನಲ್ಲಿ ನೋಡಿಕೊಂಡು ಹೊರಡುವ ಹಾಗಾಗಿದೆ. ಜೀವ ಹೋದ ಮನೆಗಳಿವೆ. ಕಾಡು ಚೂರುಚೂರಾದಷ್ಟೂ ಅವು ತೋಟಕ್ಕೆ ಇಳಿಯುತ್ತವೆ. ಅದಕ್ಕೇ ಉಳಿದಿರುವ ದೊಡ್ಡ ಕಾಡುಗಳನ್ನು ಹಾಗೇ ಬಿಡಬೇಕು ಅನ್ನುವುದು. ಪುಷ್ಪಗಿರಿ 1987ರಲ್ಲಿ ವನ್ಯಜೀವಿಧಾಮವಾಯಿತು. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಆರಿಸಿದ ತಾಣಗಳಲ್ಲಿ ಪುಷ್ಪಗಿರಿಯೂ ಒಂದು.

ಅಂಥ ಜಾಗದಲ್ಲಿ 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಇರುವೆ ಸಾಲಿನಂತೆ ಜನ ನಿಂತಿದ್ದ ಫೋಟೊ ಎಲ್ಲರ ಮೊಬೈಲಿಗೂ ಬಂತು. ಅಕ್ಕ ಕೂಡ ನೋಡಿದ್ದರು. "ಜಾತ್ರೆ ಅನ್ಕೊಂಡೆ" ಅಂದರು. ಆಮೇಲೆ ಸರ್ಕಾರ ಚಾರಣವನ್ನೇ ನಿಲ್ಲಿಸಿತು. ಆನ್‌ಲೈನಿನಲ್ಲಿ ಮುಂಗಡ ಟಿಕೆಟ್ ಏರ್ಪಾಡು ಮಾಡಿ, 'ಅರಣ್ಯ ವಿಹಾರ' ಅನ್ನುವ ತಾಣ ತೆರೆದು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕಿದ ಮೇಲೆ ಮತ್ತೆ ಬಿಟ್ಟಿದ್ದು. ಬಹಳ ಜನ ಗೊಣಗಿದರು. ನಾನು ಮಿತಿಯ ಪರ. ಶೋಲೆಯ ಆ ಮೆತ್ತನೆಯ ನೆಲ ಸಾವಿರ ಬೂಟುಗಳನ್ನು ತಡೆಯುವುದಿಲ್ಲ. ಒಂದು ಸಲ ಮಣ್ಣು ಗಟ್ಟಿಯಾಗಿ ಬೇರು ಮೇಲೆದ್ದರೆ ಮುಂದಿನ ಮಳೆಗೆ ದಾರಿಯೇ ಕೊಚ್ಚಿ ಹಳ್ಳವಾಗುತ್ತದೆ. ಮುನ್ನೂರೂ ಜಾಸ್ತಿಯೇ ಅಂತ ನನ್ನ ಅಭಿಪ್ರಾಯ.

ಆದರೆ ಇನ್ನೊಂದು ಮಾತಿದೆ. ಈಗ ಬೆಟ್ಟದ ಮೇಲೆ ರಾತ್ರಿ ಡೇರೆ ಹಾಕಲು ಬಿಡುವುದಿಲ್ಲ. ತುದಿಯ ಬಳಿ ಬೆಂಕಿ ಹಾಕಿಕೊಂಡು ಕುಡಿದು ಕುಣಿಯುವುದು ನಿಂತಿದ್ದು ಒಳ್ಳೆಯದಾಯಿತು. ಆದರೆ ಆಸರೆಯನ್ನೇ ತೆಗೆದರೆ ಇಪ್ಪತ್ತೈದು ಕಿಲೋಮೀಟರನ್ನು ಒಂದೇ ಹಗಲಿನಲ್ಲಿ ಹತ್ತಿ ಇಳಿಯುವವರು ಯಾರು? ಗಟ್ಟಿ ಕಾಲಿನ ಇಪ್ಪತ್ತೈದರ ಹುಡುಗರು. ಐವತ್ತು ದಾಟಿದವರು, ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಂದಿರು, ನಿಧಾನ ನಡೆದು ಮರ ನೋಡುವವರು, ಹಕ್ಕಿ ನೋಡುವವರು ಹೊರಗೇ ಉಳಿಯುತ್ತಾರೆ. ಹುಡುಗರೂ ಗಡಿಯಾರ ನೋಡಿಕೊಂಡು ಓಡುತ್ತಾರೆ. ಕತ್ತಲಾಗುವ ಮುಂಚೆ ಇಳಿಯುವ ಆತುರದಲ್ಲೇ ಕಾಲು ಉಳುಕುವುದು, ದಾರಿ ತಪ್ಪುವುದು. ಡೇರೆ ಬೇರೆ, ಸೂರು ಬೇರೆ. ತುದಿಯ ಮೇಲೆ ಯಾರೂ ಮಲಗುವುದು ಬೇಡ. ಗಿರಿಗದ್ದೆಯಂಥ, ಮೊದಲೇ ಮನೆ ಇರುವ ಜಾಗದಲ್ಲಿ, ದಿನಕ್ಕೆ ಮೂವತ್ತೋ ನಲವತ್ತೋ ಜನರಿಗೆ ಟಿಕೆಟಿನ ಜೊತೆಗೇ ಮಲಗಲು ಜಗಲಿ, ಒಂದು ಊಟ ಅಂತ ಇಲಾಖೆಯೂ ಅಲ್ಲಿಯ ಮನೆಯವರೂ ಸೇರಿ ನಡೆಸಬಾರದೇ? ಕಾಡಿನೊಳಗೆ ಬಾಳುವ ಮನೆಗೂ ನಾಲ್ಕು ಕಾಸು ಬರುತ್ತದೆ. ಅಡ್ಡಾದಿಡ್ಡಿ ಮಾಡುವವರ ಮೇಲೆ ಮನೆಯವರ ಕಣ್ಣಿಗಿಂತ ದೊಡ್ಡ ಕಾವಲು ಇನ್ನೊಂದಿಲ್ಲ. ಹಿರಿಯರೊಬ್ಬರು ಜಗಲಿಯಲ್ಲಿ ಕೂತು "ತಟ್ಟೆ ತೊಳೆದಿಡಪ್ಪ, ಕಸ ಚೀಲಕ್ಕೆ ಹಾಕ್ಕೋ" ಅಂದರೆ ಎಂಥವನೂ ಮಾಡುತ್ತಾನೆ. ಅದನ್ನೇ ಬೋರ್ಡಿನಲ್ಲಿ ಬರೆದರೆ ಬೋರ್ಡಿನ ಬುಡದಲ್ಲೇ ಕಸ ಬಿದ್ದಿರುತ್ತದೆ.

ಕುದುರೆಮುಖಕ್ಕೆ ಹೋದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅದೂ ದೊಡ್ಡ ಶಿಖರ, 1890 ಮೀಟರಿಗೂ ಮೇಲೆ. ಬುಡದ ಮುಳ್ಳೋಡಿಯಲ್ಲಿ ಊಟ ವಸತಿ ಕೊಡುವ ಮನೆಗಳಿವೆ. ಬೆಟ್ಟದ ಮೇಲೆ ಮಾತ್ರ ಯಾರೂ ಇಲ್ಲ. ತುದಿಯ ಹತ್ತಿರ ಹಳೆಯ ಕಲ್ಲುಕಟ್ಟಡವೊಂದರ ಪಾಳುಗೋಡೆ ನಿಂತಿದೆ, ಪಕ್ಕದಲ್ಲೇ ನೀರು ಹರಿಯುತ್ತದೆ. ಯಾವ ಕಾಲದಲ್ಲೋ ಅಲ್ಲಿಯೂ ಒಲೆ ಉರಿದಿತ್ತು. ಈಗ ಗೋಡೆಗೆ ಒರಗಿ ಬಿಸ್ಕತ್ತು ತಿಂದು ಇಳಿಯುತ್ತಾರೆ. ಬೆಟ್ಟವೇನೋ ಅಷ್ಟೇ ಚೆಂದ. ಆದರೆ ಹಿಂತಿರುಗಿದ ಮೇಲೆ ನೆನಪಿಸಿಕೊಳ್ಳಲು ಒಬ್ಬ ಮನುಷ್ಯನ ಮುಖವೂ ಆ ದಾರಿಯ ಮೇಲೆ ಇರುವುದಿಲ್ಲ.

ಗೌಡ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೂ ಭಟ್ಟರ ಮನೆ ತನಕ ಬರಬಹುದಾ?" ಅಂತ ಕೇಳಿದರು. ಅಕ್ಕ ಮೊರ ಕೆಳಗಿಟ್ಟರು.

"ಬರಬಹುದು ಗೌಡ್ರೆ. ತೋಟದ ಏರಿಳಿತದಲ್ಲಿ ನಡೆದ ಕಾಲು ನಿಮ್ಮದು. ಬೆಳಗಿನ ಜಾವ ಹೊರಟು ನಿಧಾನ ಹತ್ತೋಣ, ಮೇಲಿನದನ್ನು ಮೊಮ್ಮಗ ನೋಡಿಕೊಂಡು ಬರಲಿ. ಅವನಿಗೆ ಈಗಲೇ ಹೇಳಿ: ಅಕ್ಟೋಬರಿನ ವಾರದ ನಡುವಿನ ದಿನ ನೋಡಲಿ. ಶನಿವಾರ ಭಾನುವಾರ ಬೇಡ. ಟಿಕೆಟಿಗೆ ಗುರುತಿನ ಚೀಟಿ ಬೇಕು. ತಲೆಗೆ ಮೂರು ಲೀಟರ್ ನೀರು, ಹಳೆಯದಾಗಿ ಪಳಗಿದ ಬೂಟು, ಟಾರ್ಚು. ಆ ಬ್ಲೂಟೂತ್ ಸ್ಪೀಕರ್ ಇದ್ಯಲ್ಲ, ಅದನ್ನು ನಿಮ್ಮ ಮನೇಲೇ ಬಿಟ್ಟು ಬರಲಿ."

"ಊಟ ಮೊದಲೇ ಹೇಳಬೇಕಾ?" ಅಂದರು ಅಕ್ಕ.

"ಹೌದಕ್ಕ, ಎಷ್ಟು ಜನ ಅಂತ ಮೊದಲೇ ಗೊತ್ತಾದರೆ ಅವರಿಗೂ ಸುಲಭ."

"ಹಂಗಾದ್ರೆ ನಾಲ್ಕು ಜನ ಅನ್ನಿ" ಅಂದರು ಅಕ್ಕ. "ನಾನೂ ಬರ್ತೀನಿ. ಒಂದಷ್ಟು ಕಾಫಿಪುಡಿ, ನಮ್ಮ ತೋಟದ ಮೆಣಸು ತಗೊಂಡು ಹೋಗಣ, ಅವರ ಮನೆಗೆ."